ರಸ್ತೆಗೆ ಬೆನ್ನು ಹಾಕಿದ ಹೋಟೆಲು

ನಮ್ಮ ದೊಡ್ಡಪ್ಪನ ಹೋಟೆಲು ರಸ್ತೆಗೆ ಬೆನ್ನು ಹಾಕಿ ಕೂತಿತ್ತು. ಮುಂದೆ ರಾಗಿ ಹೊಲ, ಹಿಂದೆ ಹಳೇಬೀಡಿನ ರಸ್ತೆ. ಬೇಲೂರು ನೋಡಿ ಹಳೇಬೀಡಿಗೆ ಓಡುವ ಕಾರಿನವರಿಗೆ ಕಾಣುತ್ತಿದ್ದುದು ಬರೀ ಗೋಡೆ. ಟೀ ಬೇಕೆಂದರೆ ಪಕ್ಕದ ಸಂದಿಯಲ್ಲಿ ತೂರಿ, ದೊಡ್ಡಮ್ಮ ಒಣಹಾಕಿದ ಬಟ್ಟೆಗಳಿಗೆ ತಲೆ ತಗ್ಗಿಸಿ, ಸುತ್ತಿ ಬರಬೇಕು. ದೇವಸ್ಥಾನಕ್ಕೆ ಅಷ್ಟು ಪ್ರದಕ್ಷಿಣೆ ಹಾಕುವವರು ಟೀಗೂ ಒಂದು ಹಾಕಲಿ ಬಿಡಿ ಎಂದು ನಾನು ಹೇಳುತ್ತಿದ್ದೆ. ದೊಡ್ಡಮ್ಮ ನಗುತ್ತಿರಲಿಲ್ಲ.

ಇದಕ್ಕೆಲ್ಲ ಕಾರಣ ಒಂದು ಕೈ. ಹಿಂದೊಮ್ಮೆ ರೈಲ್ವೆ ಸರ್ವೆಯವರು ಮೂರು ಕಾಲಿನ ಯಂತ್ರ ಹೊತ್ತು ಬಂದು ನಮ್ಮ ಜಗಲಿಯಲ್ಲಿ ಟೀ ಕುಡಿದರಂತೆ. "ಸ್ಟೇಷನ್ ಎಲ್ ಬತ್ತದೆ ಸ್ವಾಮಿ?" ಎಂದು ದೊಡ್ಡಪ್ಪ ಕೇಳಿದಾಗ ಒಬ್ಬರು ಹೊಲದ ಕಡೆ ಕೈ ಚಾಚಿದರಂತೆ. ಆ ಕೈ ಸ್ಟೇಷನ್ ತೋರಿಸಿತೋ, ಖಾಲಿ ಲೋಟ ಎಲ್ಲಿಡಲಿ ಎಂದು ಕೇಳಿತೋ, ದೇವರೇ ಬಲ್ಲ. ಮಾರನೇ ವರ್ಷ ಹೋಟೆಲು ಎದ್ದಿತು, ಮುಖ ಹೊಲಕ್ಕೆ.

ದೊಡ್ಡಪ್ಪನೊಬ್ಬನನ್ನೇ ಆಡಿಕೊಂಡರೆ ಅನ್ಯಾಯ. ಬಾರದ ರೈಲಿಗೆ ಊರೆಲ್ಲ ಆಗಲೇ ಹತ್ತಿ ಕೂತಿತ್ತು. ಹೆಣ್ಣು ಕೇಳಲು ಹೋದವರು "ಸ್ಟೇಷನ್ ಹತ್ರಾನೇ ಮನೆ" ಎನ್ನುತ್ತಿದ್ದರು. ಪಾಲಿಗೆ ಕೂತ ಅಣ್ಣತಮ್ಮಂದಿರು, ಹಳಿ ಹೋಗುತ್ತದೆಂಬ ಕಡೆಯ ತೆಂಗಿನ ಸಾಲಿಗಾಗಿ ಮಾತು ಬಿಟ್ಟಿದ್ದರು. ಇನ್ನು ನಾನು? ಅರಸೀಕೆರೆಯ ಕಾಲೇಜಿನಲ್ಲಿ ಪಾಠಕ್ಕಿಂತ ಚೆನ್ನಾಗಿ ಕಲಿತದ್ದು ರೈಲ್ವೆ ಜಂಕ್ಷನ್ನಿನ ಮೈಕಿನಲ್ಲಿ ಕೂಗುವ ಹೆಂಗಸಿನ ದನಿ. ಊರಿಗೆ ಸ್ಟೇಷನ್ ಬಂದರೆ ಮೈಕು ನನ್ನದೇ ಎಂದು ನಂಬಿದ್ದೆ. ಅದು ಕಂಪ್ಯೂಟರಿನ ದನಿ ಎಂದು ಯಾರೋ ಹೇಳಿದ ದಿನ ಊಟ ಸೇರಲಿಲ್ಲ. ಸೇರುವ ಮೊದಲೇ ಕೆಲಸದಿಂದ ತೆಗೆಸಿಕೊಂಡವನು ನಾನು.

ಅಷ್ಟರಲ್ಲಿ ರಸ್ತೆಯ ಆಚೆ ಬದಿಗೆ ಹೊಸ ಬೇಕರಿ ಬಂತು. ದೊಡ್ಡಮ್ಮ ರುಬ್ಬಿದ ಇಡ್ಲಿ ಹಿಟ್ಟು ದಿನಾ ಸಂಜೆ ಹುಳಿಯಾಗಿ ಎಮ್ಮೆಯ ಕಲಗಚ್ಚಿನ ಬಾನಿಗೆ ಹೋಗತೊಡಗಿತು. ರಸ್ತೆ ಕಡೆ ಬಾಗಿಲು ಇಡಿ, ಇಲ್ಲವೇ ಹೋಟೆಲು ಮುಚ್ಚಿ ಎಂದು ಅವಳು ಹಟ ಹಿಡಿದಳು.

"ನಿಮ್ ರೈಲು ಬರೋದ್ರೊಳಗೆ ನಮ್ ಎಮ್ಮೆ ಇಡ್ಲಿ ಹಿಟ್ಟು ತಿಂದೇ ಸಾಯ್ತದೆ ಕಣ್ರೀ."

"ಗೋಡೆ ಒಡುದ್ರೆ ಊರೋರು ಏನಂದಾರು? ಇವನಿಗೇ ನಂಬ್ಕೆ ಹೋಯ್ತು, ಇನ್ ರೈಲು ಬರಲ್ಲ ಬಿಡು ಅನ್ನಲ್ವಾ?"

ಅದು ಬರೀ ಗೋಡೆಯೂ ಆಗಿರಲಿಲ್ಲ. ಚುನಾವಣೆ ಬಂದಾಗ ಯಾರೋ ಅದರ ಮೇಲೆ ಉದ್ದಕ್ಕೆ ರೈಲು ಬರೆಸಿ 'ತಂದೇ ತರುತ್ತೇವೆ' ಎಂದು ಹಾಕಿದ್ದರು. ಮುಂದಿನ ಚುನಾವಣೆಯವರು ಹಿಂದಿನವರ ಹೆಸರಿಗೆ ಮಾತ್ರ ಸುಣ್ಣ ಬಳಿದು, ರೈಲನ್ನು ಹಾಗೇ ಉಳಿಸಿಕೊಂಡರು.

"ಎಲ್ಲಾರ್ ಹಂಗೂ ಮಾತಾಡ್ತೀಯಲ್ಲ, ನಿಮ್ ದೊಡ್ಡಪ್ಪ ಕೇಳೋ ದನೀಲಿ ಒಂದ್ಸಲ ಹೇಳೋ" ಎಂದಳು ದೊಡ್ಡಮ್ಮ. ಮೊದಲು ಎಮ್ಮೆಲ್ಲೆ ದನಿಯಲ್ಲಿ ಪ್ರಯತ್ನಿಸಿದೆ. 'ಆಗ್ಲಿ, ನೋಡೋಣ, ಮಾಡ್ಸೋಣ' ಬಿಟ್ಟು ಆ ದನಿಯಲ್ಲಿ ಬೇರೇನೂ ಹೊರಡಲಿಲ್ಲ.

ಒಂದು ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದವರು ಟೀ ಹಿಡಿದು ಕೂತಿದ್ದರು. ನಾನು ಮೂಗು ಹಿಡಿದು ಶುರು ಮಾಡಿದೆ:

"ಪ್ರಯಾಣಿಕರ ಗಮನಕ್ಕೆ. ರಾಗಿ ಹೊಲದ ಒಂದನೇ ಪ್ಲಾಟ್‌ಫಾರಂಗೆ ಬರಬೇಕಾಗಿದ್ದ ಗಾಡಿಯು ರಸ್ತೆ ಕಡೆಯ ಎರಡನೇ ಪ್ಲಾಟ್‌ಫಾರಂಗೆ ಬರಲಿದೆ. ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ."

ಅರಸೀಕೆರೆಯಲ್ಲಿ ಇಂಥದು ಕೇಳಿದ್ದೇ ತಡ, ಜನ ಗಂಟುಮೂಟೆ, ಮಕ್ಕಳನ್ನೆಲ್ಲ ಎಳೆದುಕೊಂಡು ಮೇಲ್ಸೇತುವೆ ಹತ್ತಿ ಓಡುತ್ತಾರೆ. ಬಾಯಿಗೆ ಬಂದಂತೆ ಬೈಯುತ್ತಾರೆ. ಆದರೆ ರೈಲೇ ಬರುವುದಿಲ್ಲ ಎಂದು ಒಬ್ಬರೂ ಅನ್ನುವುದಿಲ್ಲ. ನಾನು ಇಷ್ಟೆಲ್ಲ ಯೋಚಿಸಿ ಹೇಳಿದವನಲ್ಲ, ಬರೀ ರೇಗಿಸಲು ಅಂದದ್ದು. ದೊಡ್ಡಪ್ಪ ಸೌಟು ಹಿಡಿದು ಹಾಗೇ ನಿಂತ.

"ಏನ್ಲಾ ಅಂದೆ? ಇನ್ನೊಂದ್ ಸಲ ಅನ್ನು."

ಅಂದೆ.

"ಕ್ಯಾನ್ಸಲ್ ಆಗಿಲ್ಲ ತಾನೆ?"

"ಇಲ್ಲ ದೊಡ್ಡಪ್ಪ. ಪ್ಲಾಟ್‌ಫಾರಂ ಚೇಂಜು, ಅಷ್ಟೆ."

ಅವನು ಕೂತವರ ಕಡೆ ತಿರುಗಿದ. "ಕೇಳುಸ್ತಾ? ಚೇಂಜ್ ಅಷ್ಟೆ. ರೈಲು ಬಂದೇ ಬತ್ತದೆ."

ಯಾರೂ ನಗಲಿಲ್ಲ. ಸ್ಟೇಷನ್ ಹತ್ತಿರದ ಮನೆಯೆಂದು ಸೊಸೆ ತಂದವರೂ ಅಲ್ಲಿದ್ದರು. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು.

ಅದೇ ವಾರ ಗಾರೆಯವರು ಗೋಡೆ ಒಡೆದರು. ಬಾಗಿಲಿಗೆ ಸರಿಯಾದ ಜಾಗ ಬರೆದ ರೈಲಿನ ಎಂಜಿನ್ ಇದ್ದ ಕಡೆಯೇ ಸಿಕ್ಕಿತು. ಈಗ ಕಾರಿನವರು ನೇರ ಎಂಜಿನ್ನಿನೊಳಗೆ ನುಗ್ಗಿ ಇಡ್ಲಿ ತಿನ್ನುತ್ತಾರೆ, ಬೋಗಿಗಳು ಹೊರಗೆ ನಿಂತಿವೆ. ಹಿಟ್ಟು ಉಳಿಯದೆ ಎಮ್ಮೆ ಇಳಿದುಹೋಗಿದೆ.

ಹೊಲದ ಕಡೆಯ ಬಾಗಿಲು ಮುಚ್ಚಲು ಮಾತ್ರ ದೊಡ್ಡಪ್ಪ ಒಪ್ಪಿಲ್ಲ. ಬೆಳಿಗ್ಗೆ ಮೊದಲು ಅದನ್ನೇ ತೆರೆದು ಮೆಟ್ಟಿಲಿಗೆ ನೀರು ಹಾಕಿ, ಆಮೇಲೆ ರಸ್ತೆ ಕಡೆ ಬರುತ್ತಾನೆ. ಅಲ್ಲಿನ ಬೆಂಚು ಸಾಮಾನ್ಯವಾಗಿ ಖಾಲಿ. ಹೆಚ್ಚೆಂದರೆ ನಾನು ಕೂತಿರುತ್ತೇನೆ, ಹೊಲ ನೋಡುತ್ತಾ, ದನಿ ಪಳಗಿಸುತ್ತಾ.

"ಅಲ್ ಯಾರಿಗ್ ಕಾಯ್ತಾ ಕೂತಿದ್ದೀಯೋ?" ಎಂದು ದೊಡ್ಡಮ್ಮ ಒಳಗಿಂದ ಕೂಗುತ್ತಾಳೆ. "ಎದ್ದು ಲೋಟ ತೊಳಿ ಬಾ. ಎರಡನೇ ಪ್ಲಾಟ್‌ಫಾರಂಲಿ ಜನ ನಿಂತವ್ರೆ."