ಗಂಡು ಸಿಗದ ಹುಳು

ರಾಜ್ಯಶ್ರೀಗೆ ಕೂರುವುದೆಂದರೆ ಶಿಕ್ಷೆ. ಧಾರವಾಡದಲ್ಲಿರುವ ಅವಳ ತಾಯಿ ಸುಮಿತ್ರಾಬಾಯಿ, "ನಮ್ಮ ರಾಜಿ ತೊಟ್ಟಿಲದಾಗೂ ಒಂದು ಕಡೆ ಮಲಗಿದಾಕಿ ಅಲ್ಲ" ಎಂದು ಇಂದಿಗೂ ಬಂದವರಿಗೆಲ್ಲ ಹೇಳುತ್ತಾರೆ. ಊಟಕ್ಕೆ ಕೂತರೆ ಸಾರು ಬಡಿಸುವ ಮೊದಲೇ ಮಜ್ಜಿಗೆ ಕೇಳುತ್ತಾಳೆ. ಫೋನಿನಲ್ಲಿ ಎದುರಿನವರ ಮಾತು ಅರ್ಧಕ್ಕೆ ಬರುವಷ್ಟರಲ್ಲಿ "ಆತು, ತಿಳೀತು" ಎಂದು ಇಟ್ಟುಬಿಡುತ್ತಾಳೆ. ಇಂಥವಳಿಗೆ ವಿಧಿ ಒದಗಿಸಿಕೊಟ್ಟ ಕಸುಬು ನೋಡಿ: ದಿನವಿಡೀ ಸೂಕ್ಷ್ಮದರ್ಶಕದ ಮುಂದೆ ಕೂತು, ಬರಿಗಣ್ಣಿಗೆ ಕಾಣದ ಹುಳುಗಳ ಮೈ ಪರೀಕ್ಷಿಸಿ, ಇದು ಇಂಥ ಜಾತಿ ಎಂದು ಹೇಳುವುದು.

ವಿಶಾಖಪಟ್ಟಣದ ಸಮುದ್ರ ಸಂಶೋಧನೆಯ ಲ್ಯಾಬೊಂದರಲ್ಲಿ ಅವಳ ಕೆಲಸ. ಹುಳುವಿಗೆ ನೆಮಟೋಡ್ ಎಂದು ಹೆಸರು, ಅಂದರೆ ದುಂಡುಹುಳು. ಹಾಗೆಂದ ಕೂಡಲೇ ಜನ ಜಂತುಹುಳು ನೆನೆಸಿಕೊಂಡು ಹೊಟ್ಟೆ ಹಿಡಿದುಕೊಳ್ಳುತ್ತಾರೆ. ಇವು ಆ ಪೈಕಿ ಅಲ್ಲ. ಯಾರ ಕರುಳನ್ನೂ ಸೇರದೆ, ಯಾವ ಬೆಳೆಯ ಬೇರನ್ನೂ ಕಚ್ಚದೆ, ಕಡಲಂಚಿನ ಮರಳಿನಲ್ಲಿ ತಮ್ಮ ಪಾಡಿಗೆ ತಾವು ಬದುಕುವ ಮರ್ಯಾದಸ್ಥ ಹುಳುಗಳು. ನೀರಿಳಿದ ಹೊತ್ತಿನಲ್ಲಿ ಭೀಮುನಿಪಟ್ಟಣದ ಮರಳಿಗೆ ಕೊಳವೆ ಚುಚ್ಚಿ ತೆಗೆಯಬೇಕು. ತಂದು ಸಣ್ಣ ಜರಡಿಯಲ್ಲಿ ತೊಳೆಯಬೇಕು, ಬಣ್ಣ ಹಾಕಿ ಹುಳುಗಳನ್ನು ಗುಲಾಬಿಯಾಗಿಸಬೇಕು. ಆಮೇಲೆ ಒಂದೊಂದನ್ನೇ ಎತ್ತಬೇಕು. ಸೂಜಿಯಿಂದ ಎತ್ತಿದರೆ ಮೈ ಹರಿಯುತ್ತದೆಂದು ಸೂಜಿಯ ತುದಿಗೆ ಕಣ್ಣರೆಪ್ಪೆಯ ಕೂದಲೊಂದನ್ನು ಅಂಟಿಸಿಕೊಳ್ಳುತ್ತಾರೆ. ರಾಜ್ಯಶ್ರೀ ತನ್ನದೇ ರೆಪ್ಪೆಯಿಂದ ಕಿತ್ತುಕೊಳ್ಳುತ್ತಿದ್ದಳು. ಅವಸರದ ಕೈ, ಆಗಾಗ ಎರಡು ಮೂರು ಕೂದಲು ಒಟ್ಟಿಗೆ ಬರುತ್ತಿದ್ದವು.

ಎತ್ತಿದ ಹುಳುವನ್ನು ಗ್ಲಿಸರಿನ್ ಹನಿಯಲ್ಲಿಟ್ಟು, ಸುತ್ತ ಮೇಣ ಕಟ್ಟಿ ಗಾಜಿನ ಸ್ಲೈಡಿನಲ್ಲಿ ಮುಚ್ಚಿದರೆ ಅಸಲು ಕೆಲಸ ಶುರು. ತುಟಿಯ ಸುತ್ತ ಬಿರುಗೂದಲು ಹೇಗಿವೆ, ಬಾಯೊಳಗೆ ಹಲ್ಲುಂಟೋ ಇಲ್ಲವೋ, ತಲೆಯ ಎರಡೂ ಪಕ್ಕ ವಾಸನೆ ಹಿಡಿಯುವ ಗುಳಿಯ ಆಕಾರವೇನು ಎಂದು ನೋಡಬೇಕು. ಗುಳಿ ಕೆಲವಕ್ಕೆ ಬಳೆಯ ಹಾಗೆ, ಕೆಲವಕ್ಕೆ ಚಕ್ಕುಲಿಯ ಹಾಗೆ ಸುತ್ತಿಕೊಂಡಿರುತ್ತದೆ. ಅಲ್ಲಿಂದ ಗಂಟಲ ಕೊಳವೆ, ಕರುಳು, ಕೊನೆಗೆ ಬಾಲ. ಗಂಡಾದರೆ ಬಾಲದ ಬುಡದಲ್ಲಿ ಕುಡುಗೋಲಿನಂಥ ಜೋಡಿ ಕೊಕ್ಕೆ ಇರುತ್ತದೆ. ಆ ಕೊಕ್ಕೆಯ ಉದ್ದ, ಬಾಗು ನೋಡದೆ ಜಾತಿ ತೀರ್ಮಾನಿಸಿದರೆ ಬಲ್ಲವರು ನಗುತ್ತಾರೆ.

ಅವಳ ಸಂಕಟವಿದ್ದದ್ದು ಅಲ್ಲಿಯೇ. ಭೀಮುನಿಪಟ್ಟಣದ ಮರಳಿನಲ್ಲಿ ಅವಳಿಗೊಂದು ಹುಳು ಸಿಕ್ಕಿತ್ತು, ಯಾವ ಪುಸ್ತಕದಲ್ಲೂ ಇಲ್ಲದ್ದು. ಚಿಕ್ಕ ಚಕ್ಕುಲಿಯ ಗುಳಿ, ಬಾಯೊಳಗೆ ದೊಡ್ಡದೊಂದು ಹಲ್ಲು, ಚರ್ಮದ ಮೇಲೆ ಸಾಲು ಚುಕ್ಕಿ, ಬಾಲದ ತುದಿ ಮೊಂಡು. ಒಂದು ಪೆಟ್ಟಿಗೆ ತುಂಬ ಸ್ಲೈಡುಗಳಾದವು. ಎಲ್ಲವೂ ಹೆಣ್ಣೇ. ಲ್ಯಾಬಿನ ಮುಖ್ಯಸ್ಥರು ಕುಮಟಾದ ಕಡೆಯ ಮಹಾಬಲೇಶ್ವರ ಸರ್. ಅವರದು ಒಂದೇ ಮಾತು: "ಗಂಡು ತಂದು ತೋರಿಸು, ಹೆಸರಿಡುವ. ಗಂಡಿಲ್ಲದೆ ಹೊಸ ಜಾತಿ ಅಂತ ನಾನು ಸಹಿ ಹಾಕುದಿಲ್ಲ."

ಪ್ರಾಜೆಕ್ಟು ತಿಂಗಳ ಕೊನೆಗೆ ಮುಗಿಯುವುದಿತ್ತು. ಗಂಡು ಸಿಕ್ಕರೆ ಮುಂದುವರಿಸಲು ಕೇಳಬಹುದು, ಇಲ್ಲವಾದರೆ ಬೀಗ. ಬೀಗ ಬಿದ್ದರೆ ಏನೆಂಬುದನ್ನೂ ಅವಳು ಆಗಲೇ ಗಂಡನಿಗೆ ಹೇಳಿಬಿಟ್ಟಿದ್ದಳು.

ಗಂಡ ಗುರುದತ್ತ ಬ್ಯಾಂಕಿನ ಅಧಿಕಾರಿ, ವಿಜಯವಾಡದಲ್ಲಿ. ಗವರ್ನರ್‌ಪೇಟೆಯಲ್ಲಿ ಕಾಗದದ ಸಗಟು ಅಂಗಡಿಯೊಂದರ ಮೇಲೆ ಅವನ ಬಾಡಿಗೆ ಮನೆ. ವಾರವೆಲ್ಲ ಅವಳು ಅಲ್ಲಿ, ಅವನು ಇಲ್ಲಿ. ಶನಿವಾರ ಅವಳು ರೈಲು ಹತ್ತುತ್ತಾಳೆ, ಭಾನುವಾರ ಮತ್ತೆ ಹತ್ತುತ್ತಾಳೆ. ಮದುವೆಯಾದಾಗಿನಿಂದ ಸಂಸಾರ ಮಾಡಿದ್ದಕ್ಕಿಂತ ಸೀಟು ಹಿಡಿದದ್ದೇ ಹೆಚ್ಚು. ಒಂದು ವಾರ ಬೇಸರ ತಲೆಗೇರಿ, "ಈ ತಿಂಗಳದಾಗ ಗಂಡು ಸಿಗಲಿಲ್ಲ ಅಂದ್ರ ಎಲ್ಲಾ ಬಿಟ್ಟು ಬರ್ತೀನಿ. ನೀವು ಹುಬ್ಬಳ್ಳಿಗೆ ಟ್ರಾನ್ಸ್‌ಫರ್ ಕೇಳ್ರಿ" ಎಂದಿದ್ದಳು. ಅವನು ಕೇಳಿಯೂ ಬಿಟ್ಟ. ಆಡಿದ ಮಾತು ಬಾಯಿಂದ ಜಾರಿದ ಕ್ಷಣದಿಂದ ಅವಳಿಗೆ ನಿದ್ದೆ ಸರಿಯಿಲ್ಲ. ವಾರದಲ್ಲಿ ಮೂರು ಸಲ ಭೀಮುನಿಪಟ್ಟಣಕ್ಕೆ ಓಡಿದಳು. ಅಲ್ಲಿನ ಬೆಸ್ತರ ಹೆಂಗಸರು, ಮರಳು ಹೊರುವ ಈಕೆಗೆ ಮನೆ ಕಟ್ಟುವ ಯೋಗವಿರಬೇಕೆಂದು ನಗುತ್ತಿದ್ದರು.

ಆ ಶನಿವಾರ ಅವಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆ ಗುರುದತ್ತ ಎದುರು ಬಂದು ನಿಂತ.

"ರಾಜಿ, ಹುಬ್ಬಳ್ಳಿ ಆರ್ಡರ್ ಬಂದದ. ಆದ್ರ…"

"ಆತು, ತಿಳೀತು" ಎಂದವಳೇ ಅಡುಗೆಮನೆಗೆ ನುಗ್ಗಿದಳು. ಅಲ್ಲಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಬಂದೇ ಬಿಟ್ಟಿತು! ಈ ಮನುಷ್ಯನಿಗೆ ಒಂದು ತಿಂಗಳಾದರೂ ತಡೆಯಲಿಕ್ಕೆ ಆಗಲಿಲ್ಲವೇ? ತಾನೇ ಕೇಳಲು ಹೇಳಿದ್ದು ಎಂಬುದು ನೆನಪಾದರೆ ಸಿಟ್ಟು ಇನ್ನಷ್ಟು ಏರುತ್ತಿತ್ತು. ಗುರುದತ್ತ ಎರಡು ಸಲ ಬಾಗಿಲವರೆಗೆ ಬಂದ, ಎರಡು ಸಲವೂ ಅವಳು ನಲ್ಲಿ ಜೋರು ಮಾಡಿದಳು.

ಮರುದಿನ ಬೆಳಿಗ್ಗೆ ಅವನು ಇಡ್ಲಿ ತರಲು ಇಳಿದು ಹೋದಾಗ ಬಾಗಿಲು ತಟ್ಟಿದ ಸದ್ದು. ಮೇಲಿನ ಮನೆಗೆ ಹೊಸದಾಗಿ ಬಂದ ಕಮಲಗಾರು, ಕೈಯಲ್ಲಿ ಒಂದು ಹುಡುಗಿಯ ಫೋಟೊ. ಪ್ರತಿ ವಾರಾಂತ್ಯ ಗುಂಟೂರಿನ ಮಗಳ ಮನೆಗೆ ಹೋಗುವ ಹೆಂಗಸು ಈ ಸಲ ಉಳಿದಿದ್ದರು. ರಾಜ್ಯಶ್ರೀಯನ್ನು ಅಡಿಯಿಂದ ಮುಡಿಯವರೆಗೆ ನೋಡಿ ತೆಲುಗಿನಲ್ಲಿ ಶುರುಮಾಡಿದರು.

"ನೀನು ಗುರುದತ್ತಗಾರಿಗೆ ತಂಗಿ ಏನಮ್ಮಾ? ಒಳ್ಳೇದಾಯ್ತು. ನಮ್ಮ ತಮ್ಮನ ಮಗಳು, ಬಿ.ಟೆಕ್ ಆಗಿದೆ. ಕನ್ನಡದವರಾದರೇನು, ಹುಡುಗ ಬಂಗಾರ. ಪಾಪ, ಎಷ್ಟು ದಿನ ಒಂಟಿಯಾಗಿ ಬೇಯಿಸಿಕೊಂಡು ತಿನ್ನೋದು?"

"ನಾನು ಅವರ ಹೆಂಡತಿ ಅಂಡಿ."

ಕಮಲಗಾರು ಗಲ್ಲ ಹಿಡಿದುಕೊಂಡರು. ನಾಚಿಕೆಯಾದರೂ ಸೋಲಲು ಸಿದ್ಧರಿರಲಿಲ್ಲ. "ನನಗೇನು ಗೊತ್ತು ತಲ್ಲೀ? ವಾರವೆಲ್ಲ ನೋಡಿದರೆ ಗಂಡಸು ಒಬ್ಬನೇ. ನಿನ್ನನ್ನು ಕಂಡೇ ಇಲ್ಲ. ಮುಖ ನೋಡಿ ತಿಳಿಯೋಣ ಅಂದರೆ, ಗಂಡ ಹೆಂಡತಿ ಏನು ಒಂದೇ ಮುಖ ಇಟ್ಟುಕೊಂಡು ಹುಟ್ಟುತ್ತಾರಾ?"

ರಾಜ್ಯಶ್ರೀ ನಗಲು ಹೋದವಳು ನಿಂತುಬಿಟ್ಟಳು. ಕಮಲಗಾರು ಇನ್ನೂ ಏನೋ ಹೇಳುತ್ತಿದ್ದರು, ಅವಳಿಗೆ ಕೇಳಿಸುತ್ತಿರಲಿಲ್ಲ.

ಗಂಡಸು ಒಬ್ಬನೇ. ಒಂದೇ ಮುಖ ಇರಬೇಕೆಂದು ಯಾರು ಹೇಳಿದರು?

ಲ್ಯಾಬಿನ ಕಪಾಟಿನಲ್ಲಿ ಅವಳ ಇನ್ನೊಂದು ಪೆಟ್ಟಿಗೆಯಿತ್ತು. ಅದೇ ಮರಳಿನಲ್ಲಿ ಸಿಕ್ಕಿದ್ದು, ತಲೆಯ ಗುಳಿ ದೊಡ್ಡ ಚಕ್ಕುಲಿ. ತಲೆ ನೋಡಿದೊಡನೆ ಅವಳು ಅದಕ್ಕೆ ಈ ಕರಾವಳಿಯಲ್ಲಿ ಎಲ್ಲರಿಗೂ ಗೊತ್ತಿರುವ ಹಳೆಯ ಜಾತಿಯೊಂದರ ಚೀಟಿ ಅಂಟಿಸಿ ಒಳಗೆ ತಳ್ಳಿದ್ದಳು. ಬಾಲದವರೆಗೆ ಸ್ಲೈಡು ಸರಿಸುವಷ್ಟು ತಾಳ್ಮೆ ಯಾರಿಗಿತ್ತು? ಆ ಪೆಟ್ಟಿಗೆಯಲ್ಲಿ ಹೊಟ್ಟೆಯಲ್ಲಿ ಮೊಟ್ಟೆಯಿದ್ದ ಒಂದೇ ಒಂದು ಹುಳುವನ್ನೂ ಕಂಡ ನೆನಪಿಲ್ಲ. ಕೆಲವು ಜಾತಿಗಳಲ್ಲಿ ಗಂಡಿನ ಗುಳಿ ಹೆಣ್ಣಿನದಕ್ಕಿಂತ ದೊಡ್ಡದಿರುತ್ತದೆಂದು ಅವಳು ಓದಿದ್ದಳು, ವಿದ್ಯಾರ್ಥಿಗಳಿಗೆ ಪಾಠವನ್ನೂ ಮಾಡಿದ್ದಳು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದಿತ್ತು.

ಇಡ್ಲಿ ತಂದ ಗುರುದತ್ತನಿಗೆ ಬಾಗಿಲಲ್ಲಿ ಎದುರಾದದ್ದು ಅವಳ ಚೀಲ. "ಹೊಂಟೆ. ಲ್ಯಾಬಿಗೆ" ಎಂದಷ್ಟೇ ಹೇಳಿ ಆಟೊ ಹತ್ತಿದಳು.

ಸೀಟು ಸಿಕ್ಕಿದ್ದರೂ ರೈಲಿನಲ್ಲಿ ಅವಳು ಕೂರಲಿಲ್ಲ. ಬಾಗಿಲ ಬಳಿ ನಿಂತಳು, ನೀರು ಕುಡಿದಳು, ಬೋಗಿಯ ಆ ತುದಿಯಿಂದ ಈ ತುದಿಗೆ ನಡೆದಳು. ಸಿಗದಿದ್ದರೆ? ಅವು ನಿಜಕ್ಕೂ ಹಳೆಯ ಜಾತಿಯೇ ಆಗಿದ್ದರೆ? ಅನಕಾಪಲ್ಲಿಯಲ್ಲಿ ಬೆಲ್ಲದ ವಾಸನೆ ಹೊತ್ತು ಹತ್ತಿದ ವ್ಯಾಪಾರಿಯೊಬ್ಬ, "ಕೂತುಕೋ ಅಮ್ಮಾ, ನೀನು ನಡೆದರೆ ರೈಲೇನೂ ಬೇಗ ಹೋಗುವುದಿಲ್ಲ" ಎಂದ. ಅವಳು ಅವನ ಮುಖವನ್ನೂ ನೋಡದೆ ಮತ್ತೊಂದು ಸುತ್ತು ಹೊಡೆದಳು.

ಸೋಮವಾರ ಲ್ಯಾಬಿನ ಬಾಗಿಲು ತೆರೆಯುವ ಮೊದಲೇ ಅವಳು ಮೆಟ್ಟಿಲ ಮೇಲಿದ್ದಳು. ಚೀಟಿ ಅಂಟಿಸಿದ ಪೆಟ್ಟಿಗೆಯಿಂದ ಮೊದಲ ಸ್ಲೈಡು ತೆಗೆದು ಲೆನ್ಸಿನ ಕೆಳಗಿಟ್ಟಳು. ತಲೆಯ ಕಡೆ ನೋಡಲೇ ಇಲ್ಲ. ನೇರ ಬಾಲಕ್ಕೆ ಸರಿಸಿದಳು.

ಕೊಕ್ಕೆ ಇತ್ತು. ಜೋಡಿ ಕುಡುಗೋಲು, ತೆಳ್ಳಗೆ, ಉದ್ದಕ್ಕೆ. ಹಳೆಯ ಜಾತಿಯದು ಇಷ್ಟು ಉದ್ದವಿರುವುದಿಲ್ಲ. ಬಾಲದ ತುದಿ ಮೊಂಡು. ಚರ್ಮದ ಮೇಲೆ ಅದೇ ಸಾಲು ಚುಕ್ಕಿ. ತಿರುಗಿ ತಲೆಗೆ ಬಂದರೆ ಬಾಯೊಳಗೆ ಅದೇ ದೊಡ್ಡ ಹಲ್ಲು. ಎರಡನೆಯ ಸ್ಲೈಡು, ಮೂರನೆಯದು, ಎಲ್ಲವೂ ಹಾಗೆಯೇ. ಇಡೀ ಪೆಟ್ಟಿಗೆಯೇ ಗಂಡುಗಳ ಬಿಡಾರ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತಲ್ಲ, ಹಾಗೆ ಅವಳು ಭೀಮುನಿಪಟ್ಟಣದ ಮರಳನ್ನು ಬಗೆದಿದ್ದಳು.

ಮಹಾಬಲೇಶ್ವರ ಸರ್ ಬಂದು ಕನ್ನಡಕ ತೆಗೆದು ಲೆನ್ಸಿಗೆ ಕಣ್ಣಿಟ್ಟರು. ಅವರ ನೋಟ ತಲೆಯಿಂದ ಬಾಲಕ್ಕೆ, ಬಾಲದಿಂದ ತಲೆಗೆ ಹೋಗಿಬರುವವರೆಗೂ ರಾಜ್ಯಶ್ರೀ ಕಿಟಕಿ, ಬೇಸಿನ್ನು, ಬಾಗಿಲು ಎಂದು ಸುತ್ತುತ್ತಿದ್ದಳು.

"ಇದೇ ಗಂಡು" ಎಂದರು ಸರ್. "ತಲೆ ಕಂಡದ್ದೇ ಹೆಸರಿಟ್ಟು ಬಿಟ್ಟಿದ್ದಿಯಲ್ಲೇ ಮಾರಾಯ್ತಿ. ಹೋಗಲಿ, ಮುಂದುವರಿಸಲಿಕ್ಕೆ ಇವತ್ತೇ ಬರೀತೆ."

ಅವಳಿಗೆ ಕುಣಿಯಬೇಕೆನಿಸಿತು. ಹಿಂದೆಯೇ ಹುಬ್ಬಳ್ಳಿಯ ಆರ್ಡರ್ ನೆನಪಾಯಿತು. ಗಂಡು ಸಿಕ್ಕಿತು, ಸರಿ. ಹುಬ್ಬಳ್ಳಿಗೆ ಅವನೊಬ್ಬನೇ ಹೋಗಬೇಕು. ಇನ್ನು ವಾರಕ್ಕೊಮ್ಮೆ ಹೋಗಿಬರುವಷ್ಟು ದೂರವೂ ಅಲ್ಲ ಅದು. ಹೊರಗೆ ವರಾಂಡಕ್ಕೆ ಬಂದು ಫೋನು ಮಾಡಿದಳು.

"ಗಂಡು ಸಿಕ್ತು."

"ಖರೇ? ಎಲ್ಲಿತ್ತು?"

"ನನ್ನ ಕಪಾಟಿನಾಗ. ಬರೇ ತಲಿ ನೋಡಿ ಇಟ್ಟುಬಿಟ್ಟಿದ್ದೆ. ಕಡೀತನಕ ನೋಡಿದ್ದಿಲ್ಲ."

ಗುರುದತ್ತ ನಕ್ಕ. "ನೀ ಯಾವುದನ್ನ ಕಡೀತನಕ ನೋಡಿದಾಕಿ ಹೇಳು."

ಎಂದಿನಂತೆ "ಆತು" ಎಂದು ಫೋನು ಇಡಲು ಬೆರಳು ಹೋಗಿತ್ತು. ನಿಂತಿತು.

"ಶನಿವಾರ ನೀವು 'ಆದ್ರ' ಅಂದಿದ್ರಿ" ಎಂದಳು. "ಆದ್ರ ಏನು?"

ಆ ಕಡೆ ಬ್ಯಾಂಕಿನ ಗದ್ದಲ.

"ಹೇಳ್ರಿ. ನಾ ಫೋನ್ ಇಡೂದಿಲ್ಲ."

"ಆದ್ರ ನಾ ಒಲ್ಲೆ ಅಂತ ಬರದು ಕೊಟ್ಟೆ" ಎಂದ ಗುರುದತ್ತ. "ಶುಕ್ರವಾರನ ಕೊಟ್ಟೆ. ಗಂಡು ಸಿಗಲಿ ಬಿಡಲಿ, ಆ ಹುಳಾ ಬಿಟ್ಟು ಹುಬ್ಬಳ್ಯಾಗ ನೀ ಹೆಂಗ ಇರ್ತಿದ್ದಿ? ವಿಶಾಖಪಟ್ಟಣಕ್ಕ ಹಾಕ್ರಿ ಅಂತ ಕೇಳೇನಿ. ಕೊಡ್ತಾರೋ ಇಲ್ಲೋ ಗೊತ್ತಿಲ್ಲ. ಅದನ್ನ ಹೇಳಾಕ ಬಂದ್ರ ನೀ ನಲ್ಲಿ ತಿರುವಿದಿ."

ಎರಡು ದಿನ ಈ ಮನುಷ್ಯನನ್ನು ಮನಸ್ಸಿನಲ್ಲೇ ಎಷ್ಟು ಬೈದಿದ್ದಳು! ನಾಚಿಕೆಯೂ ಪ್ರೀತಿಯೂ ಒಟ್ಟಿಗೇ ನುಗ್ಗಿ ಬಂದು ಕಣ್ಣು ತುಂಬಿದವು.

"ಮತ್ತ ಏನಾದ್ರೂ ಹೇಳೂದು ಅದ ಏನ್ರಿ?" ಎಂದು ಕೇಳಿದಳು.

"ಅದ. ಭಾಳ ಅದ. ನಿನಗ ವ್ಯಾಳ್ಯಾ ಎಲ್ಲೆದ?"

"ಹೇಳ್ರಿ" ಎಂದು ರಾಜ್ಯಶ್ರೀ ವರಾಂಡದಲ್ಲಿದ್ದ ಸ್ಟೂಲು ಎಳೆದುಕೊಂಡು ಕೂತಳು.