ನೂರೈದು ಡಿಗ್ರಿಯ ಬೇರು

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಕರೆಯುವುದು ಬೇರಕ್ಕ ಎಂದೇ. ಹತ್ತೊಂಬತ್ತು ವರ್ಷ ಔಷಧಿ ಗಿಡಗಳ ಬೇರು ತೊಳೆದು, ಒಣಗಿಸಿ, ಪುಡಿ ಮಾಡಿದವಳಿಗೆ ಇನ್ನೊಂದು ಹೆಸರು ಯಾಕೆ ಬೇಕು ಹೇಳಿ? ಪ್ರಯೋಗಾಲಯದ ಮುಖ್ಯಸ್ಥರಾದ ಸಾಹೇಬರು ಬರೆದ ಮೂವತ್ತು ಲೇಖನಗಳಲ್ಲಿ ಒಂದರಲ್ಲೂ ಅವಳ ನಿಜವಾದ ಹೆಸರು ಅಚ್ಚಾಗಿರಲಿಲ್ಲ.

ಕೆಲಸವೇನು ಸುಲಭದ್ದಲ್ಲ. ಪುಡಿಯನ್ನು ಸ್ಪಿರಿಟ್‌ನಲ್ಲಿ ಕುದಿಸಿದರೆ ಔಷಧಿಯ ಸಾರ ಇಳಿದುಹೋಗಿ ಜೀವಕೋಶಗಳ ಗೋಡೆ ಉಳಿಯುತ್ತದೆ. ಉಳಿದವರಿಗೆ ಅದು ಚರಟ, ಬೇರಕ್ಕನಿಗೆ ಅದೇ ಕೆಲಸ. ಮೊದಲು ಅಂಟಿನಂಥ ಪೆಕ್ಟಿನ್ ಬಿಡಿಸಬೇಕು, ಆಮೇಲೆ ಪ್ರಬಲ ಆಮ್ಲ ಹಾಕಿ ನಾರಿನಂಥ ಸೆಲ್ಯುಲೋಸ್ ಕರಗಿಸಬೇಕು. ಅದಕ್ಕೂ ಜಗ್ಗದೆ ತಳದಲ್ಲಿ ಕೂರುವ ಕಂದು ಪುಡಿಯೇ ಲಿಗ್ನಿನ್, ಬೇರನ್ನು ಕಟ್ಟಿಗೆಯಷ್ಟು ಗಟ್ಟಿ ಮಾಡುವ ವಸ್ತು. ಆಮ್ಲ ಸಿಡಿದು ಅವಳ ಮುಂಗೈಯಲ್ಲಿ ಮೂರು ಕಲೆಗಳಾಗಿವೆ.

ಈ ಸಲ ಸಾಹೇಬರು ಹಲ್ಲು ಕಿರಿಯುತ್ತ ಬಂದರು. "ಬೇರಕ್ಕ, ಈ ಬೇರಲ್ಲಿ ಲಿಗ್ನಿನ್ ಎರಡು ಪಟ್ಟು ಬಂದಿದೆ. ಇದುವರೆಗೆ ಯಾರೂ ಕಂಡಿಲ್ಲ. ಲೇಖನದಲ್ಲಿ ನಿಮ್ಮ ಹೆಸರೂ ಹಾಕಿದ್ದೀನಿ."

ಅವಳು ಹಿಗ್ಗಿ ಹೀರೇಕಾಯಿಯಾದಳು. ಮನೆಗೆ ಹೋಗಿ ಗಂಡನ ಕಿವಿಗೆ ಹಾಕಿದಳು. ಬಸ್ ಓಡಿಸುವ ಆ ಪುಣ್ಯಾತ್ಮ ಮಾರನೆಯ ದಿನವೇ ಡಿಪೋ ತುಂಬ ಟಾಂಟಾಂ ಹೊಡೆದ.

ಹಿಗ್ಗು ಎರಡೇ ದಿನ. ಬೇರು ಒಣಗಿಸುವ ಓವನ್ನಿನ ರಿಜಿಸ್ಟರ್ ತಿರುವುವಾಗ ಅವಳ ಮೈಯೆಲ್ಲ ಉರಿದುಹೋಯಿತು. ಅವಳು ರಜೆಯಲ್ಲಿದ್ದಾಗ ಸಾಹೇಬರೇ ಬೇರು ಒಣಗಿಸಿದ್ದರು, ಎಂದಿನ ಐವತ್ತು ಡಿಗ್ರಿಯಲ್ಲಲ್ಲ, ನೂರೈದರಲ್ಲಿ. ಅದು ಬೇರಿನಲ್ಲಿ ತೇವ ಎಷ್ಟಿದೆ ಎಂದು ಅಳೆಯಲು ಇಡುವ ಶಾಖ; ಅಳೆದಾದ ಮೇಲೆ ಆ ಬೇರನ್ನು ಬಿಸಾಡಬೇಕು. ಅಷ್ಟು ಕಾದರೆ ಬೇರಿನ ಸಕ್ಕರೆಯೂ ಪ್ರೋಟೀನೂ ಕೂಡಿಕೊಂಡು ಕಂದಾಗುತ್ತವೆ, ಆಮ್ಲಕ್ಕೆ ಕರಗದೆ ಲಿಗ್ನಿನ್ ಜೊತೆ ತೂಕಕ್ಕೆ ಬರುತ್ತವೆ. ಗೋಡೆ ಗಟ್ಟಿಯಿರಲಿಲ್ಲ, ಬೇರು ಸೀದಿತ್ತು. ಸಾಹೇಬರು ಕೊಟ್ಟ ಪುಡಿಯನ್ನು ಕಣ್ಣುಮುಚ್ಚಿ ತೂಗಿದ್ದಕ್ಕೆ ತನ್ನ ಮೇಲೂ ಅವಳಿಗೆ ಸಿಟ್ಟು ಬಂತು. ಅದೇ ಬೇರಿನ ಚೀಲದಲ್ಲಿ ಉಳಿದಿದ್ದ ಹಸಿ ಬೇರು ತೆಗೆದು ಐವತ್ತರಲ್ಲಿ ಒಣಗಿಸಿ ಮೊದಲಿಂದ ಮಾಡಿದಳು. ಲಿಗ್ನಿನ್ ಅರ್ಧಕ್ಕಿಳಿಯಿತು.

"ಸರ್, ಅದು ಲಿಗ್ನಿನ್ ಅಲ್ಲ. ಬೇರು ಸೀದುಹೋಗಿತ್ತು."

ಸಾಹೇಬರು ಎರಡೂ ಲೆಕ್ಕ ನೋಡಿದರು. ಅವರಿಗೆ ಅರ್ಥವಾಯಿತು, ಅರ್ಥವಾದ ಮೇಲೂ ಅವರು ಆಡಿದ ಮಾತನ್ನೇ ಅವಳಿಗೆ ಸಹಿಸಲಾಗಲಿಲ್ಲ.

"ಲೇಖನ ಕಳಿಸಿ ಆಯ್ತಲ್ಲಮ್ಮ. ಲೇಖಕರ ಒಪ್ಪಿಗೆ ಪತ್ರಕ್ಕೆ ನಿಮ್ಮದೊಂದು ಸಹಿ ಬಾಕಿ. ಇಷ್ಟು ವರ್ಷಕ್ಕೆ ಒಂದ್ಸಲ ಹೆಸರು ಬರ್ತಿದೆ, ನಿಮ್ಮ ತಲೆ ಮೇಲೆ ನೀವೇ ಯಾಕೆ ಕಲ್ಲು ಹಾಕ್ಕೋತೀರಿ?"

"ನಿಜ ಬರೆದಾಗ ಮೂವತ್ತು ಸಲವೂ ನನ್ನ ಹೆಸರು ನಿಮಗೆ ನೆನಪಾಗಲಿಲ್ಲ. ಸುಳ್ಳಿಗೆ ಮಾತ್ರ ನೆನಪಾಯ್ತಾ?"

ಸಹಿ ಮಾಡಲಿಲ್ಲ. ಎರಡೂ ಲೆಕ್ಕಗಳನ್ನು ಲೇಖನ ಹೋಗಿದ್ದ ವಿಜ್ಞಾನ ಪತ್ರಿಕೆಗೆ ತಾನೇ ಕಳಿಸಿದಳು, ಪೂರ್ತಿ ಹೆಸರು ಬರೆದು. ಆಮೇಲೆ ಒಂದು ತಿಂಗಳು ಸಾಹೇಬರು ಅವಳ ಮುಖ ನೋಡಿ ಮಾತಾಡಲಿಲ್ಲ.

ಪತ್ರಿಕೆ ಬಂದ ದಿನ ಗಂಡ ಊಟದ ಮೇಜಿನ ಮೇಲೆ ಅದನ್ನು ಹರಡಿ ಕೂತ. ಲೇಖನ ಇರಲಿಲ್ಲ, ಒಂದು ಮೂಲೆಯಲ್ಲಿ ಸಾಹೇಬರ ಹೆಸರಿನ ಪ್ರಕಟಣೆ ಇತ್ತು. ಅವನು ಸಾಲಿನ ಕೆಳಗೆ ಬೆರಳಿಟ್ಟು ಓದಿದ: "ಸಹಾಯಕಿಯೊಬ್ಬರ ಅಜಾಗರೂಕತೆಯಿಂದ ಬೇರು ಸೀದ ಕಾರಣ ಲೇಖನವನ್ನು ಹಿಂಪಡೆಯಲಾಗಿದೆ." ಇನ್ನೊಮ್ಮೆ ಓದಿದ. ಪುಟ ತಿರುಗಿಸಿ ಹಿಂದೆಯೂ ನೋಡಿದ.

"ನಿನ್ನ ಹೆಸರು ಎಲ್ಲೂ ಕಾಣ್ತಿಲ್ವಲ್ಲೇ?"

"ಸಹಾಯಕಿಯೊಬ್ಬರು ಅಂತಿದೆಯಲ್ಲ," ಎಂದಳು ಬೇರಕ್ಕ. "ಅದು ನಾನೇ."