ಶ್ರುತಿಗೆ ನಿಲ್ಲದ ಗಿಟಾರು
ಮೊಳಕಾಲ್ಮೂರಿನ ರಿಪೇರಿ ವೀರ ನಾಗಾರ್ಜುನನ ಬಾಯಲ್ಲಿ ‘ಗೊತ್ತಿಲ್ಲ’ ಎಂಬ ಮಾತು ಹುಟ್ಟಿಯೇ ಇಲ್ಲ. ಮಿಕ್ಸಿ ಬರಲಿ, ಮೊಬೈಲು ಬರಲಿ, ಮೊದಲು ಮೂಸುತ್ತಾನೆ, ಆಮೇಲೆ ಬೈಯುತ್ತಾನೆ, ಕೊನೆಗೆ ಬಿಚ್ಚುತ್ತಾನೆ. ಚಳ್ಳಕೆರೆಯ ಆರ್ಕೆಸ್ಟ್ರಾದ ರಂಜಿತಾ ತಂದ ಎಲೆಕ್ಟ್ರಿಕ್ ಗಿಟಾರು ತನ್ನ ಬಿರಡೆಗಳನ್ನು ತಾನೇ ತಿರುಗಿಸಿ ಶ್ರುತಿ ಮಾಡಿಕೊಳ್ಳುವಂಥದು. “ತಿರುಗ್ತಾನೇ ಇಲ್ಲ ಅಣ್ಣಾ, ಸಂಜೆ ಮದುವೇಲಿ ನುಡಿಸ್ಬೇಕು” ಎಂದಳು. ವೀರ ಬ್ಯಾಟರಿಯ ತುಕ್ಕು ಉಜ್ಜಿದ. ಬಿರಡೆಗಳು ತಿರುಗಿದವು, ಆದರೆ ನಿಲ್ಲಲೊಲ್ಲವು. ಬಿಗಿಯುತ್ತವೆ, ಸಡಿಲಾಗುತ್ತವೆ, ಮತ್ತೆ ಬಿಗಿಯುತ್ತವೆ. “ಲೇ, ನಿಂಗೆ ಯಾವ ಶ್ರುತಿ ಬೇಕು ಬೊಗಳಲೇ!” ಎಂದು ಗದರಿದ. “ತಂತಿ ಕಿತ್ತೋದ್ರೆ ನನ್ ಕತೆ ಅಷ್ಟೇ” ಎಂದು ರಂಜಿತಾ ಅಳುಮುಖ ಮಾಡಿದಳು. ಅಷ್ಟರಲ್ಲಿ ಗೋಡೆಯಾಚೆ ಅವನ ಅವ್ವನ ಸೀರೆಮಗ್ಗ ನಿಂತಿತು. ಗೋಡೆಗೆ ತಾಗಿದ್ದ ಮೇಜಿನ ಅದುರು ನಿಂತಿದ್ದೇ ತಡ, ಬಿರಡೆಗಳೂ ನಿಂತವು. ಗಿಟಾರು ಅಷ್ಟು ಹೊತ್ತೂ ಮಗ್ಗದ ಬಡಿತಕ್ಕೆ ಶ್ರುತಿ ಸೇರಿಸಲು ಹೆಣಗುತ್ತಿತ್ತು! “ಸರಿಹೋಯ್ತಣ್ಣಾ!” ಎಂದು ರಂಜಿತಾ ಅದನ್ನು ಮೇಜಿನಿಂದ ಎತ್ತಿಕೊಂಡಳು. ವೀರ ಅಲ್ಲಿರಲಿಲ್ಲ. ಹುಟ್ಟಿದಾಗಿನಿಂದ ಕಿವಿಗೆ ಒಗ್ಗಿಹೋದ ಆ ಸದ್ದು ಅವನಿಗೆ ಕೇಳಿಸುವುದು ನಿಂತಾಗ ಮಾತ್ರ. ಸ್ಕ್ರೂಡ್ರೈವರ್ ಬಿಸಾಕಿ ಒಳಗೆ ಓಡಿದ್ದ. “ಅವ್ವಾ, ಯಾಕೆ ನಿಲ್ಸಿದೆ? ಮತ್ತೆ ಎದೆ ನೋಯ್ತೈತಾ?” “ನೀರು ಕುಡಿಯಾಕೂ ಬಿಡಲ್ವೇನೋ!” ಎಂದು ಅವ್ವ ಚೊಂಬು ಕೆಳಗಿಟ್ಟಳು. ಅವಳ ಕೈ ಮತ್ತೆ ಮಗ್ಗಕ್ಕೆ ಹೋಗುವವರೆಗೂ ವೀರ ಬಾಗಿಲಲ್ಲೇ ನಿಂತಿದ್ದ.